ದಲಾಲಿ ಕಾಕಾನ ಒಂದೇ ಉಸಿರಿನ ಎಣಿಕೆ

ಕಾಕಾ ಫೋನಿನಲ್ಲಿ ಎಣಿಸುವುದನ್ನು ಕೇಳಲು ನಮ್ಮ ಕೋಣೆಯಲ್ಲಿ ಜನ ಸೇರುತ್ತಿದ್ದರು. ಹುಬ್ಬಳ್ಳಿಯ ವಿದ್ಯಾನಗರದ ಒಂದು ಆಸ್ಪತ್ರೆಯಲ್ಲಿ, ನರರೋಗ ವಿಭಾಗದ ಮೂಲೆಗೆ, ಔಷಧ ಸಂಶೋಧನೆಗೆಂದು ಬಿಟ್ಟುಕೊಟ್ಟ ಇಕ್ಕಟ್ಟಿನ ಕೋಣೆ ಅದು. ನಾನು ಸ್ಪೀಕರ್ ಒತ್ತಿ ಫೋನನ್ನು ಮೇಜಿನ ಮೇಲೆ ಇಡುತ್ತಿದ್ದೆ. "ಉಸಿರು ತುಂಬ್ಕೊರಿ ಕಾಕಾರ, ಹೂಂ, ಚಾಲೂ ಮಾಡ್ರಿ" ಎನ್ನುತ್ತಿದ್ದೆ. ಆ ಕಡೆಯಿಂದ "ಒಂದಾ, ಎರಡಾ, ಮೂರಾ" ಎಂದು ಶುರುವಾದ ದನಿ ಹದಿನೈದು, ಇಪ್ಪತ್ತು, ಮೂವತ್ತು ದಾಟಿ ಹೋಗುತ್ತಿತ್ತು. ಎಲ್ಲೂ ತಡೆಯಿಲ್ಲ. ನಲವತ್ತು ದಾಟಿದಾಗ ನರ್ಸಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. "ಈ ಮನಷ್ಯಾಗ ಖರೇನ ರೋಗ ಐತೇನ್ರಿ?" ಎಂದು ಅವರಲ್ಲೊಬ್ಬಳು ಕೇಳಿದ್ದಳು.

ರೋಗ ಇತ್ತು. ಮಯಸ್ತೇನಿಯಾ ಎನ್ನುತ್ತಾರೆ. ನರ ಹೇಳಿದ ಮಾತು ಸ್ನಾಯುವಿಗೆ ಮುಟ್ಟುವ ಜಾಗದಲ್ಲಿ ಮೈಯ ಕಾವಲು ವ್ಯವಸ್ಥೆಯೇ ಅಡ್ಡ ಬಂದು ನಿಲ್ಲುತ್ತದೆ. ಮೊದಲ ಸಲ ಎತ್ತಿದ ಕೈ ಚೆನ್ನಾಗಿಯೇ ಏಳುತ್ತದೆ, ಹತ್ತನೆಯ ಸಲಕ್ಕೆ ಏಳುವುದಿಲ್ಲ. ಕುಳಿತು ಸುಧಾರಿಸಿಕೊಂಡರೆ ಮತ್ತೆ ಏಳುತ್ತದೆ. ಇದನ್ನು ಮನೆಯವರು ಎಷ್ಟೋ ದಿನ ಮೈಗಳ್ಳತನ ಎಂದುಕೊಂಡಿರುತ್ತಾರೆ. ರೆಪ್ಪೆ ಜೋಲುತ್ತದೆ, ಮಾತು ಮೂಗಿನಿಂದ ಬರುತ್ತದೆ, ಅಗಿಯುತ್ತಿದ್ದ ದವಡೆ ನಡುವೆಯೇ ನಿಂತುಬಿಡುತ್ತದೆ. ಇದೆಲ್ಲ ತಾಪತ್ರಯ ನಿಜ, ಆದರೆ ಜೀವಕ್ಕೆ ಕುತ್ತು ಬರುವುದು ಉಸಿರಾಟದ ಸ್ನಾಯು ದಣಿದಾಗ. ಅದು ದಣಿಯುವಾಗ ಗದ್ದಲ ಮಾಡುವುದಿಲ್ಲ. ದಮ್ಮಿನವರ ಹಾಗೆ ಗೊರಗೊರ ಸದ್ದಿಲ್ಲ, ಕೆಮ್ಮಿಲ್ಲ, ಒದ್ದಾಟವಿಲ್ಲ. ಮನುಷ್ಯ ಸುಮ್ಮನೆ ಕುಳಿತಿರುತ್ತಾನೆ, ಉಸಿರು ಮೇಲುಮೇಲಕ್ಕೆ ಸಣ್ಣದಾಗುತ್ತ ಹೋಗುತ್ತದೆ. ನನಗೆ ಈ ಕೆಲಸದಲ್ಲಿ ಹೆದರಿಕೆ ಇರುವುದು ಇದೊಂದಕ್ಕೇ.

ನಮ್ಮದು ಹೊಸ ಔಷಧವೊಂದರ ಪರೀಕ್ಷೆ. ಅರ್ಧ ಜನಕ್ಕೆ ಔಷಧ, ಇನ್ನರ್ಧ ಜನಕ್ಕೆ ಬರೀ ಸಲಾಯಿನ್. ಯಾರಿಗೆ ಯಾವುದು ಎಂಬುದು ರೋಗಿಗೂ ತಿಳಿಯದು, ಡಾಕ್ಟರಿಗೂ ತಿಳಿಯದು, ಎಲ್ಲವನ್ನೂ ಜೋಡಿಸುವ ನನಗೂ ತಿಳಿಯದು. ಈ ಘಟ್ಟವನ್ನು ಪೂರ್ತಿ ಮುಗಿಸಿದವರಿಗೆಲ್ಲ ಮುಂದಿನ ಘಟ್ಟದಲ್ಲಿ ಅಸಲಿ ಔಷಧ ಸಿಗುತ್ತದೆ. ನಡುವೆ ಹೊರಬಿದ್ದವರಿಗೆ ಇಲ್ಲ. ನಾನು ಓದಿದ್ದು ಫಿಸಿಯೋಥೆರಪಿ, ಇಲ್ಲಿ ಸಂಯೋಜಕಿ. ಒಪ್ಪಿಗೆ ಪತ್ರ ಓದಿ ಹೇಳುವುದು, ರೋಗಿಯ ಕೈ ಮುಂದೆ ಚಾಚಿಸಿ ಎಷ್ಟು ಹೊತ್ತು ನಿಲ್ಲುತ್ತದೆ ನೋಡುವುದು, ನೀರು ಕುಡಿಸಿ ನುಂಗುವುದನ್ನು ನೋಡುವುದು, ಕೊಳವೆಯಲ್ಲಿ ಊದಿಸಿ ಶ್ವಾಸಕೋಶದ ಬಲ ಅಳೆಯುವುದು, ಬರಲಿಲ್ಲವೆಂದರೆ ಬೈದು ಕರೆಸುವುದು, ಎಲ್ಲವೂ ನನ್ನದೇ.

ಎರಡು ಭೇಟಿಗಳ ನಡುವೆ ದೂರದ ರೋಗಿಗಳ ಮೇಲೆ ಕಣ್ಣಿಡಲು ಡಾಕ್ಟರು ಮತ್ತು ನಾನು ಸೇರಿ ಒಂದು ಕ್ರಮ ಹಾಕಿಕೊಂಡಿದ್ದೆವು. ಅದು ಔಷಧ ಕಂಪನಿಯವರು ಹೇಳಿದ್ದಲ್ಲ, ನಮ್ಮದೇ ಮುತುವರ್ಜಿ. ವಾರಕ್ಕೆರಡು ಸಲ ಫೋನ್ ಮಾಡುವುದು, ರೋಗಿ ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸಬಲ್ಲ ಎಂದು ಕೇಳುವುದು. ಅವಸರ ಮಾಡಬಾರದೆಂದು ನಾನು ಮೇಜಿನ ಮೇಲೆ ಪೆನ್ನಿನಿಂದ ಟಕ್ ಟಕ್ ಎಂದು ತಾಳ ಹಾಕುತ್ತಿದ್ದೆ. ಗಟ್ಟಿ ಮನುಷ್ಯ ಐವತ್ತರ ಹತ್ತಿರ ಹೋಗುತ್ತಾನೆ. ಇಪ್ಪತ್ತರ ಕೆಳಗೆ ಬಂದರೆ ಕೂಡಲೇ ಆಸ್ಪತ್ರೆಗೆ. ಸುಲಭದ ಕ್ರಮ, ಯಂತ್ರ ಬೇಡ, ಕಾಸಿನ ಖರ್ಚಿಲ್ಲ. ನಮಗೆ ಅದರ ಮೇಲೆ ಬಹಳ ಅಭಿಮಾನವಿತ್ತು.

ಕಾಕಾನ ಮನೆ ಧಾರವಾಡದ ಮಾಳಮಡ್ಡಿಯಲ್ಲಿ. ಊರಿನ ಎಪಿಎಂಸಿ ಅಂಗಳದಲ್ಲಿ ಈರುಳ್ಳಿಯ, ಅವರ ಮಾತಿನಲ್ಲಿ ಉಳ್ಳಾಗಡ್ಡಿಯ, ದಲಾಲಿ ಅಂಗಡಿ. ಅರವತ್ತು ದಾಟಿದ ಆಳು, ಹಣೆಗೆ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ, ಬಾಯ ತುಂಬ ನಗೆ. ಮೂವತ್ತು ನಲವತ್ತು ವರ್ಷ ತಾವೇ ಸವಾಲು ಕೂಗಿದವರು, ಎಂದರೆ ಚೀಲದ ರಾಶಿಯ ಮೇಲೆ ನಿಂತು ಹರಾಜಿನ ದರ ಏರಿಸಿದವರು. ಮಾತು ಮೂಗಿನಿಂದ ಬರತೊಡಗಿದ ಮೇಲೆ ಅಣ್ಣನ ಮಗನಿಗೆ ಆ ಕೆಲಸ ಬಿಟ್ಟುಕೊಟ್ಟು ಗಾದಿಯ ಮೇಲೆ ಕುಳಿತಿದ್ದರು. ಆಡಿಕೊಳ್ಳುವವರು ಆಡಿಕೊಂಡರಂತೆ, ದಲಾಲಿ ಮಧ್ಯಾಹ್ನಕ್ಕೇ ಕುಡಿದಿದ್ದಾನೆ ಎಂದು. ಅದು ಅವರ ಮನಸ್ಸಿಗೆ ಚುಚ್ಚಿತ್ತು. ಒಪ್ಪಿಗೆಗೆ ಸಹಿ ಮಾಡುವ ದಿನ ನಾನು ಅಪಾಯಗಳನ್ನೆಲ್ಲ ಓದಿ ಹೇಳಿ ಮುಗಿಸಿದ ಮೇಲೆ ಅವರು ಕೇಳಿದ್ದು ಒಂದೇ ಮಾತು.

"ತಂಗಿ, ದನಿ ತಿರುಗಿ ಬರತೈತೇನು?"

"ಬರಬಹುದು ಕಾಕಾರ. ಬರತೈತಿ ಅಂತ ನಾ ಹೇಳೂ ಹಂಗಿಲ್ಲ."

"ಬರಬಹುದು ಅಂದ್ರ ಸಾಕು. ಕೂಡ್ರತೇನಿ" ಎಂದು ಸಹಿ ಮಾಡಿದರು.

ಮೊದಲ ಎರಡು ಮೂರು ಬಾಟಲಿ ನರಕ್ಕೆ ಏರಿಸಿದ ಮೇಲೆ ಸುಧಾರಿಸಿದ ಹಾಗೆ ಕಂಡಿತು. ರೆಪ್ಪೆ ಮೇಲೆದ್ದಿತು. ಮಾತು ಸ್ವಚ್ಛವಾಯಿತು. ಕಾಕಾಗೆ ತಮಗೆ ಸಿಗುತ್ತಿರುವುದು ಅಸಲಿ ಔಷಧವೇ ಎಂದು ಖಾತ್ರಿಯಾಗಿಬಿಟ್ಟಿತ್ತು. ನಾನು ಹಾಗೆಲ್ಲ ಹೇಳಬೇಡಿ ಎಂದರೆ, "ನೀ ಸುಮ್ನಿರವಾ, ನನ್ನ ಮೈ ನನಗ ಗೊತ್ತಿಲ್ಲೇನು" ಎನ್ನುತ್ತಿದ್ದರು. ಹಾಗೆ ನಂಬುವುದು ತಪ್ಪಲ್ಲ. ಆದರೆ ನಂಬಿದವರು ಕೆಟ್ಟದ್ದನ್ನು ಹೇಳುವುದು ಕಡಿಮೆ ಮಾಡುತ್ತಾರೆ, ಔಷಧಕ್ಕೆ ಕೆಟ್ಟ ಹೆಸರು ಬರಬಾರದು ಎಂಬಂತೆ. ಅದನ್ನು ನಾನು ಬೇರೆ ರೋಗಿಗಳಲ್ಲೂ ಕಂಡಿದ್ದೇನೆ.

ದಸರೆ ಕಳೆದು ಉಳ್ಳಾಗಡ್ಡಿಯ ಆವಕ ಜೋರಾಯಿತು, ಅಂಗಳಕ್ಕೆ ಮಾಲು ಲಾರಿಗಟ್ಟಲೆ ಬರತೊಡಗಿತು. ಆಗ ಕಾಕಾ ಒಂದು ಬೇಡಿಕೆ ಇಟ್ಟರು. ಸಂಜೆ ಮಾಡುತ್ತಿದ್ದ ಫೋನನ್ನು ಮುಂಜಾನೆಗೆ ಬದಲಿಸಬೇಕು, ಸಂಜೆ ಅಂಗಡಿಯಲ್ಲಿ ಗದ್ದಲ. ನಾನು ಆಗಲಿ ಎಂದೆ. ಈ ರೋಗದಲ್ಲಿ ಮುಂಜಾನೆಯ ಮೈ ಬೇರೆ, ಸಂಜೆಯ ಮೈ ಬೇರೆ ಎಂದು ನನಗೆ ಗೊತ್ತಿಲ್ಲದ್ದಲ್ಲ. ಆದರೂ ಎಣಿಕೆ ನಲವತ್ತರ ಮೇಲೆಯೇ ಇರುವಾಗ ಯಾವ ಹೊತ್ತಾದರೇನು ಎಂದು ಅನಿಸಿತ್ತು.

ಒಂದು ದಿನ ಮುಂಜಾನೆಯ ಎಣಿಕೆ ಮುಗಿದು ನಾನು ಇನ್ನೊಬ್ಬರಿಗೆ ಫೋನ್ ಮಾಡುವಷ್ಟರಲ್ಲಿ ಕಾಕಾನ ಹೆಂಡತಿ ತಮ್ಮ ಫೋನಿನಿಂದ ಕರೆ ಮಾಡಿದರು. ಕಾಕೂ ಎಂದೂ ತಾವಾಗಿ ಮಾಡಿದವರಲ್ಲ.

"ಮೇಡಮ್ಮರ, ನಾ ಹೇಳೇನಿ ಅಂತ ಅವರಿಗೆ ಹೇಳಬ್ಯಾಡ್ರಿ" ಎಂದು ಸಣ್ಣ ದನಿಯಲ್ಲಿ ಶುರು ಮಾಡಿದರು. "ರೊಟ್ಟಿ ಬಿಟ್ಟಾರ್ರಿ. ಹಲ್ಲು ನೋವು ಅಂತಾರ. ಬರೇ ಗಂಜಿ ಕುಡೀತಾರ."

"ಯಾವಾಗಿಂದ್ರಿ ಕಾಕೂ?"

"ಭಾಳ ದಿನಾ ಆತ್ರಿ. ಮತ್ತ ಹಾಸಿಗ್ಯಾಗ ಮಲಗಾಂಗಿಲ್ರಿ. ಗ್ವಾಡಿಗೆ ಆತು ಕುಂತ ನಿದ್ದಿ ಮಾಡ್ತಾರ. ಅಡ್ಡಾದ್ರ ಎದಿ ಮ್ಯಾಲೆ ಯಾರೋ ಕುಂತಂಗ ಆಕ್ಕೇತಂತ. ನನಗ ಹೆದರಿಕಿ ಆಗಿ ಕರೋನಾದಾಗ ತಂದಿದ್ದ ಮಷಿನ್ ಬೆರಳಿಗಿ ಹಾಕಿ ನೋಡ್ದೆ. ತೊಂಬತ್ತೆಂಟು ತೋರಸ್ತೈತ್ರಿ. ಹಂಗಾರ ಏನಿಲ್ಲ ಹೌದಲ್ರಿ?"

"ಡಾಕ್ಟರಿಗೆ ಕೇಳಿ ಹೇಳತೇನ್ರಿ" ಎಂದು ಫೋನ್ ಇಟ್ಟೆ. ಬೆರಳಿನ ಆ ಯಂತ್ರ ಅಳೆಯುವುದು ರಕ್ತದ ಆಮ್ಲಜನಕ, ಅದು ಈ ರೋಗದಲ್ಲಿ ಕಡೆಯ ಗಳಿಗೆಯವರೆಗೂ ತೊಂಬತ್ತೆಂಟನ್ನೇ ತೋರಿಸುತ್ತದೆ. ಶ್ವಾಸಕೋಶ ಸರಿ ಇರುತ್ತದೆ, ಅದನ್ನು ಹಿಗ್ಗಿಸುವ ಸ್ನಾಯು ಮಾತ್ರ ಸೋಲುತ್ತಿರುತ್ತದೆ. ಯಂತ್ರ ಕೆಳಗಿಳಿಯತೊಡಗಿದಾಗ ಮಾಡಲು ಹೆಚ್ಚೇನೂ ಸಮಯ ಉಳಿದಿರುವುದಿಲ್ಲ. ಧಾರವಾಡದ ಮನುಷ್ಯ ಜೋಳದ ರೊಟ್ಟಿ ಬಿಟ್ಟಿದ್ದಾನೆಂದರೆ ಅದು ಹಲ್ಲುನೋವಲ್ಲ. ಅಗಿಯಲು ಆಗುತ್ತಿಲ್ಲ. ಮಲಗಲು ಆಗುತ್ತಿಲ್ಲ. ಆದರೆ ಅದೇ ಮನುಷ್ಯ ಅರ್ಧ ಗಂಟೆ ಹಿಂದೆ ನನಗೆ ನಲವತ್ತಾರರವರೆಗೆ ಎಣಿಸಿ ತೋರಿಸಿದ್ದ.

ಡಾಕ್ಟರಿಗೆ ಹೇಳಿದೆ. ಅವರು ಸಮಾಧಾನದ ಮನುಷ್ಯ, ಯಾವುದಕ್ಕೂ ಎಗರಾಡುವವರಲ್ಲ.

"ಎಣಿಕಿ ಎಷ್ಟು ಬಂತ್ರಿ?"

"ನಲವತ್ತಾರು."

"ಹಂಗಾರ ಉಸಿರಿಗೆ ಏನೂ ಆಗಿಲ್ಲ. ನುಂಗೂದು ಅಗಿಯೂದು ಕೆಟ್ಟಿರಬೇಕು. ನಾಳೆ ಕರಸ್ರಿ, ನೋಡೂಣು."

ಕಾಕಾಗೆ ಫೋನ್ ಹಚ್ಚಿದರೆ ಬರುವುದಿಲ್ಲ ಎಂದರು. ಆವಕ ಜೋರಿದೆ, ವಾರ ಕಳೆಯಲಿ ಎಂದರು. ಎರಡು ವಾಕ್ಯದ ನಡುವೆ ಅವರು ಎಂಜಲು ನುಂಗುವ ಸದ್ದು ಕೇಳಿಸಿತು. ಫೋನ್ ಇಟ್ಟ ಮೇಲೂ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ರೋಗದ ಲಕ್ಷಣ ಒಂದು ಹೇಳುತ್ತಿದೆ, ಅಂಕಿ ಇನ್ನೊಂದು ಹೇಳುತ್ತಿದೆ. ಎರಡರಲ್ಲಿ ಒಂದು ಸುಳ್ಳು. ನನ್ನ ಸಿಟ್ಟು ಯಾರ ಮೇಲೆ ಎಂದು ನನಗೇ ತಿಳಿಯದೆ ಎದುರಿಗಿದ್ದ ನರ್ಸಮ್ಮನ ಮೇಲೆ ಹರಿಹಾಯ್ದು, ಚೀಲ ಹೆಗಲಿಗೇರಿಸಿ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಹತ್ತಿದೆ.

ಎಪಿಎಂಸಿ ಅಂಗಳ ತಲುಪಿದಾಗ ಮಧ್ಯಾಹ್ನ ಇಳಿದಿತ್ತು, ಸವಾಲು ನಡೆದಿತ್ತು. ಉಳ್ಳಾಗಡ್ಡಿಯ ಘಾಟಿಗೆ ಕಣ್ಣು ಉರಿಯುತ್ತಿತ್ತು. ಕಾಕಾನ ಅಂಗಡಿಯ ಮುಂದೆ ಅಣ್ಣನ ಮಗ ಚೀಲದ ಮೇಲೆ ನಿಂತು ಕೂಗುತ್ತಿದ್ದ. ನಲವತ್ತರ ಆಸುಪಾಸಿನ ದಷ್ಟಪುಷ್ಟ ಮನುಷ್ಯ. ಸುತ್ತ ವ್ಯಾಪಾರಿಗಳು ಕಣ್ಣು ಮಿಟುಕಿಸಿ, ಬೆರಳು ಎತ್ತಿ ದರ ಏರಿಸುತ್ತಿದ್ದರು. ದಾರಿ ಬಿಡುವವರೆಗೆ ನಾನು ಅವನ ಬಗಲಿಗೇ ಸಿಕ್ಕಿಹಾಕಿಕೊಂಡು ನಿಲ್ಲಬೇಕಾಯಿತು.

ಅವನ ಕೂಗು ಕಾಕಾನ ಎಣಿಕೆಯ ಹಾಗೆಯೇ ಇತ್ತು. ಅದೇ ರಾಗ, ಪ್ರತಿ ಅಂಕಿಯ ಕೊನೆಗೆ ಅದೇ ಎಳೆತ. ಎಲ್ಲೂ ತಡೆಯಿಲ್ಲದೆ ಸಾಗುತ್ತಿತ್ತು. ಎಷ್ಟೊತ್ತು ಸಾಗಿತೆಂದರೆ, ಇಷ್ಟುದ್ದ ಉಸಿರು ಮನುಷ್ಯನಿಗೆ ಇರಲು ಸಾಧ್ಯವೇ ಇಲ್ಲ ಎಂದು ನನಗೆ ಹೊಳೆಯಿತು. ಆಗ ಅವನ ಕುತ್ತಿಗೆ ನೋಡಿದೆ. ಅಂಕಿಯ ಕೊನೆಯ ಎಳೆತ ಇನ್ನೂ ಕಿವಿಯಲ್ಲಿ ಇರುವಾಗಲೇ ಗಂಟಲ ಕೆಳಗಿನ ಕುಳಿ ಸಣ್ಣಗೆ ಒಳಕ್ಕೆ ಜಗ್ಗಿ ಹೊರಬಂತು. ಇನ್ನೆರಡು ಅಂಕಿ ಕಳೆದು ಮತ್ತೊಮ್ಮೆ. ಅವನು ಉಸಿರು ತೆಗೆದುಕೊಳ್ಳುತ್ತಿದ್ದ. ಕೇಳಿಸುತ್ತಿರಲಿಲ್ಲ, ಅಷ್ಟೇ.

ಸವಾಲು ಮುಗಿದ ಕೂಡಲೇ ಅವನ ತೋಳು ಹಿಡಿದೆ. "ನೀವು ನಡುವ ಉಸಿರು ತಗೋತೀರಿ. ನಾ ನೋಡ್ದೆ."

ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ತಗೋಳದ ಹೆಂಗ್ರಿ ಮತ್ತ? ಆದ್ರ ನಿಂತು ತಗೋಬಾರದ್ರಿ. ಕೂಗು ನಿಂತ್ರ ಸವಾಲು ಮುಗದಂಗ, ಆಗಿನ ದರಾನ ಕಡೀ ದರ. ಅದಕ್ಕ ದನಿ ತುಂಡಾಗದಂಗ ಕದ್ದು ತಗೋಬೇಕು. ಕಾಕಾನ ಕಲಿಸ್ಯಾರ್ರಿ."

"ಕಾಕಾರೂ ಹಂಗ ತಗೋತಾರೇನು?"

"ಅವರಿಗೂ ಗೊತ್ತಾಗದಂಗ ತಾನಾ ಬರತೈತ್ರಿ. ಅಂಕಿ ಬಾಯಾಗ ಬಂದ್ರ ಸಾಕು."

ಬೈಯಬೇಕೆನಿಸಿತು, ಯಾರನ್ನೆಂದು ತಿಳಿಯಲಿಲ್ಲ. ಕಾಕಾ ಮೋಸ ಮಾಡಿರಲಿಲ್ಲ. ನಾವು ಒಂದು ಅಂಕಿ ಕೇಳಿದ್ದೆವು, ನಲವತ್ತು ವರ್ಷ ಅಂಕಿಯ ನಡುವೆ ಉಸಿರು ಕದಿಯುವುದನ್ನೇ ಕಸುಬು ಮಾಡಿಕೊಂಡ ಗಂಟಲನ್ನು ಕೇಳಿದ್ದೆವು. ಬೇರೆ ಯಾವ ರೋಗಿಯನ್ನು ಕೇಳಿದ್ದರೂ ಈ ಕ್ರಮ ನಿಜ ಹೇಳುತ್ತಿತ್ತು.

ಅಂಗಡಿಯ ಒಳಗೆ ಗಾದಿಯ ಮೇಲೆ ಕಾಕಾ ಲೋಡಿಗೆ ಒರಗಿ ಕುಳಿತಿದ್ದರು. ಬಲಗೈ ಗದ್ದಕ್ಕೆ ಆನಿಸಿಕೊಂಡಿದ್ದರು. ದೂರದಿಂದ ನೋಡಿದರೆ ಯೋಚನೆಯಲ್ಲಿ ಮುಳುಗಿದ ವ್ಯಾಪಾರಿ. ಹತ್ತಿರ ಹೋದಾಗ ತಿಳಿಯಿತು, ಆ ಕೈ ತೆಗೆದರೆ ತಲೆ ಎದೆಗೆ ಬೀಳುತ್ತದೆ, ಬಾಯಿ ತೆರೆದುಕೊಳ್ಳುತ್ತದೆ. ಬಗಲಿಗೆ ಒಂದು ಟವೆಲ್ ಇತ್ತು, ಎಂಜಲು ಒರೆಸಿಕೊಳ್ಳಲು. ಕಾಕೂ ಬಾಗಿಲ ಹತ್ತಿರ ಗಂಜಿಯ ಡಬ್ಬಿ ಹಿಡಿದು ನಿಂತಿದ್ದರು.

"ಯಾಕ ಬಂದಿ?" ಎಂದರು ಕಾಕಾ. ದನಿ ಪೂರ್ತಿ ಮೂಗಿನದು.

"ಎಣಿಕಿ ಕೇಳಾಕ ಬಂದೇನ್ರಿ. ಒಂದ ಸಲ ಎಣಸ್ರಿ."

ಅವರ ಎದುರು ಕುಳಿತು ಒಂದು ಅಂಗೈಯನ್ನು ಕೊರಳಿನ ಎಲುಬಿನ ಮೇಲೆ, ಇನ್ನೊಂದನ್ನು ಹೊಟ್ಟೆಯ ಮೇಲೆ ಇಟ್ಟೆ. ಶುರು ಮಾಡಿದರು. "ಒಂದಾ, ಎರಡಾ." ನಾಲ್ಕಕ್ಕೆ ಕೊರಳೆಲುಬು ನನ್ನ ಅಂಗೈ ಕೆಳಗೆ ಚಕ್ಕನೆ ಎದ್ದಿತು. ಎಂಟಕ್ಕೆ ಮತ್ತೊಮ್ಮೆ. ಹನ್ನೊಂದಕ್ಕೆ ಮತ್ತೊಮ್ಮೆ. ಹೊಟ್ಟೆ ಉಸಿರಿಗೆ ಹೊರಬರುವ ಬದಲು ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ಕೆಳಗಿನ ಪರದೆಯಂಥ ಸ್ನಾಯು ಕೆಲಸ ಬಿಟ್ಟಿದೆ ಎಂದು ಅದರ ಅರ್ಥ. ದನಿ ಮಾತ್ರ ಹರಿಯುತ್ತಲೇ ಇತ್ತು, ಕಿವಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಅದನ್ನು ಕೈಯಲ್ಲಿ ಹಿಡಿದು ಕೇಳುವುದು ಎಷ್ಟು ಭೀಕರ ಎಂದು ಹೇಗೆ ಹೇಳಲಿ. ಕಾಕಾನ ಒಂದು ಉಸಿರಿನಲ್ಲಿ ಇದ್ದದ್ದು ನಾಲ್ಕೇ ಅಂಕಿ.

ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದೆ. ಎಷ್ಟನೆಯ ಅಂಕಿಗೆ ಉಸಿರು ಮುಗಿಯಿತು ಎಂದಷ್ಟೇ ಅವರು ಕೇಳಿದರು. ಆಮೇಲೆ, "ಧಾರವಾಡದಾಗಿನ ಆಂಬುಲೆನ್ಸ್ ಕಳಸ್ತೇನಿ. ಇಲ್ಲಿ ಐಸಿಯು ಬೆಡ್ ಹಿಡಸ್ತೇನಿ. ಅವರನ್ನ ಮಲಗಿಸಬ್ಯಾಡ್ರಿ" ಎಂದರು. ಔಷಧ ಕಂಪನಿಯ ವೈದ್ಯಾಧಿಕಾರಿ ಬೇರೆ ಊರಿನಲ್ಲಿ ಕೂಡುವವರು, ನಿಯಮದ ಪ್ರಕಾರ ಅವರಿಗೂ ತಿಳಿಸಬೇಕು. ತಿಳಿಸಿದೆ. ದಾಖಲಾದ ಎಣಿಕೆಗಳೆಲ್ಲ ಸರಿಯಾಗಿರುವಾಗ ನೀವು ಕೈಯಿಂದ ಮುಟ್ಟಿ ನೋಡಿದ್ದನ್ನು ಏನೆಂದು ಬರೆಯಬೇಕು ಎಂದು ಅವರು ಕೇಳಿದರು. ತುರ್ತು ಚಿಕಿತ್ಸೆ ಕೊಟ್ಟರೆ ರೋಗಿ ಅಧ್ಯಯನದಿಂದ ಹೊರಬೀಳುತ್ತಾರೆ, ಅದು ನೆನಪಿರಲಿ ಎಂದೂ ಹೇಳಿದರು. ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ ಆ ಫೋನನ್ನು ಉಳ್ಳಾಗಡ್ಡಿ ಚೀಲಕ್ಕೆ ಎಸೆಯಬೇಕೆನಿಸಿತು.

ಹೊರಬಿದ್ದರೆ ಬೀಳಲಿ ಎಂದು ನಾನು ಫೋನಿನಲ್ಲಿ ಹೇಳಿದ್ದು ಕಾಕಾನ ಕಿವಿಗೆ ಬಿದ್ದಿತ್ತು.

"ಹೊರಗ ಬೀಳ್ತೇನೇನು?" ಎಂದರು.

"ಮೊದ್ಲು ದವಾಖಾನಿಗೆ ಹೋಗೂಣ್ರಿ."

"ಬ್ಯಾಡ. ಮುಂಜಾನಿ ಬರ್ತೇನಿ. ಮುಂಜಾನಿ ಛಲೋ ಇರತೇನಿ. ಊದಿ ತೋರಸ್ತೇನಿ." ಪ್ರತಿ ವಾಕ್ಯದ ನಡುವೆ ನಿಲ್ಲುತ್ತಿದ್ದರು. "ಇನ್ನ ಸ್ವಲ್ಪ ಐತಿ. ಇದು ಮುಗದ್ರ ಅಸಲಿ ಔಷಧ ಕೊಡ್ತೀರಿ. ಹೊರಗ ಬೀಳಂಗಿಲ್ಲ ನಾ."

"ಕಾಕಾರ, ಮುಂಜಾನಿ ತನಕ ಇರಾಂಗಿಲ್ರಿ ನೀವು." ನನ್ನ ಬಾಯಿಂದ ಅಷ್ಟು ನೇರವಾಗಿ ಬಂದುಬಿಟ್ಟಿತು. ಕಾಕೂ ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟು ಬಾಯಿಗೆ ಸೆರಗು ಒತ್ತಿಕೊಂಡರು. ಅಣ್ಣನ ಮಗ "ಕಾಕಾ, ಹಟ ಮಾಡಬ್ಯಾಡ" ಎಂದ. ಕಾಕಾ ತಲೆ ಅಲ್ಲಾಡಿಸಲೂ ಆಗದೆ ಕಣ್ಣಿನಿಂದಲೇ ಬೇಡ ಎಂದರು.

ನಾನು ಎರಡನೆಯ ಸಲ ಕೇಳಿದೆ. ಬೇಡ ಎಂದರು. ಹೊರಗೆ ಆಂಬುಲೆನ್ಸ್ ಬಂದು ನಿಂತ ಸದ್ದಾಯಿತು. ಒಲ್ಲೆ ಎನ್ನುವ ಬುದ್ಧಿ ಸ್ವಾಧೀನದಲ್ಲಿರುವ ಮನುಷ್ಯನನ್ನು ಹೊತ್ತು ಒಯ್ಯುವಂತಿಲ್ಲ. ಅಧ್ಯಯನದಿಂದ ಹೊರಬರುವ ಹಕ್ಕು ರೋಗಿಯದು, ಹೊರಗೆ ಇಡುವ ಅಧಿಕಾರ ಡಾಕ್ಟರದು. ಸಂಯೋಜಕಿಗೆ ಎರಡೂ ಇಲ್ಲ. ಇದನ್ನು ಹೊಸಬರಿಗೆ ಪಾಠ ಮಾಡುವವಳೇ ನಾನು.

"ಕಾಕಾರ, ಇನ್ನ ಹಟಾ ಮಾಡಿ ಉಪಯೋಗ ಇಲ್ರಿ" ಎಂದೆ. "ಡಾಕ್ಟರ್ ಆಗಲೇ ನಿಮ್ಮನ್ನ ತಗದ ಹಾಕ್ಯಾರ. ಈಗ ಫೋನಿನ್ಯಾಗ ಅದನ್ನ ಹೇಳಿದ್ರು. ನೀವು ಅಧ್ಯಯನದಾಗ ಇಲ್ಲ."

ಅದು ಹಸಿ ಸುಳ್ಳು. ಕಾಕಾ ನನ್ನನ್ನು ನೋಡಿದರು. ಅವರ ಮುಖದ ಸ್ನಾಯುಗಳಿಗೆ ದುಃಖ ತೋರಿಸುವ ಶಕ್ತಿಯೂ ಉಳಿದಿರಲಿಲ್ಲ, ಕಣ್ಣು ಮಾತ್ರ ತುಂಬಿದವು. ಗದ್ದದಿಂದ ಕೈ ತೆಗೆದರು, ತಲೆ ಎದೆಗೆ ಬಿತ್ತು. ಅಣ್ಣನ ಮಗ ಬಂದು ಅವರನ್ನು ಎಬ್ಬಿಸಿ ನಿಲ್ಲಿಸಿದ.

ಆಂಬುಲೆನ್ಸಿನವನು ಮಲಗಿಸಲು ನೋಡಿದ. ನಾನು ಕೂಗಾಡಿ ಬಿಡಿಸಿದೆ. ಕಾಕಾನನ್ನು ಕೂಡಿಸಿಕೊಂಡೇ ಹೊರಟೆವು. ಎದುರಿಗೆ ಕುಳಿತು ಅವರ ಹಣೆಯನ್ನು ನನ್ನ ಹೆಗಲಿಗೆ ಆನಿಸಿಕೊಂಡು ಎರಡೂ ಕೈಯಿಂದ ತಲೆ ಹಿಡಿದಿದ್ದೆ. ಉಸಿರು ಒತ್ತುವ ರಬ್ಬರಿನ ಚೀಲ ಮಡಿಲಲ್ಲಿತ್ತು. ನವಲೂರು, ಸತ್ತೂರು, ರಾಯಾಪುರ, ದಿನಾ ಹೋಗಿ ಬರುವ ರಸ್ತೆ, ಅವತ್ತು ಮುಗಿಯಲೊಲ್ಲದು. ಸೈರನ್ ಸದ್ದಿನಲ್ಲಿ ಅವರ ಉಸಿರು ಕೇಳಿಸುತ್ತಿರಲಿಲ್ಲ, ನನ್ನ ಕುತ್ತಿಗೆಗೆ ತಾಗುವ ಬಿಸಿಯಿಂದ ಇದೆ ಎಂದು ತಿಳಿಯುತ್ತಿತ್ತು. ಉಣಕಲ್ ಹತ್ತಿರ ಅದು ತಾಗುವುದು ಎಷ್ಟು ತಡವಾಯಿತೆಂದರೆ ನಾನು ಚೀಲಕ್ಕೆ ಕೈ ಹಾಕಿದೆ. ಆಗ ಮತ್ತೆ ತಾಗಿತು. ಬೆರಳಿನ ಯಂತ್ರ ಆಗಲೂ ತೊಂಬತ್ತಾರು ತೋರಿಸುತ್ತಿತ್ತು.

ಐಸಿಯುವಿನಲ್ಲಿ ಊದುವ ಕೊಳವೆ ತುಟಿಗೆ ಇಟ್ಟರೆ ತುಟಿ ಮುಚ್ಚಲಿಲ್ಲ, ಗಾಳಿ ಎರಡೂ ಬದಿ ಸೋರಿಹೋಯಿತು. ರಕ್ತ ಪರೀಕ್ಷೆಯಲ್ಲಿ ಹೊರಹೋಗಬೇಕಾದ ಕೆಟ್ಟ ಗಾಳಿ ಮಿತಿ ಮೀರಿ ತುಂಬಿಕೊಂಡಿತ್ತು. ಡಾಕ್ಟರು ಕಾಯಲಿಲ್ಲ. ಗಂಟಲಿಗೆ ಕೊಳವೆ ಇಳಿಸಿ ವೆಂಟಿಲೇಟರಿಗೆ ಜೋಡಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೆ ದಾರಿಯಲ್ಲೇ ಪ್ರಾಣ ಹೋಗುತ್ತಿತ್ತು ಎಂದು ಅವರು ಹೇಳತೊಡಗಿದಾಗ, ಕೇಳಿಸದಿರಲೆಂದು ನಾನು ಕಾಕೂನನ್ನು ಬಾಗಿಲಾಚೆ ಕರೆದೊಯ್ದೆ. ಮರುದಿನದಿಂದ ರಕ್ತದ ದ್ರವ ಬದಲಿಸುವ ಚಿಕಿತ್ಸೆ ಶುರುವಾಯಿತು. ಕಾಕಾ ಬಹಳ ದಿನ ಆ ಕೊಳವೆಯ ಮೇಲೆಯೇ ಇದ್ದರು. ನಡುವೆ ಜ್ವರ ಬಂತು, ಒಂದು ಸಲ ಕೊಳವೆ ತೆಗೆದು ಮತ್ತೆ ಹಾಕಬೇಕಾಯಿತು. ಪ್ರತಿದಿನ ಬಂದ ಕೂಡಲೇ ನಾನು ಮೊದಲು ಹೋಗಿ ನೋಡುತ್ತಿದ್ದುದು ಆ ಹಾಸಿಗೆ ಖಾಲಿಯಾಗಿದೆಯೇ ಎಂದು.

ಆ ದಿನಗಳಲ್ಲೇ ನಮ್ಮ ಉಳಿದ ರೋಗಿಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆಸಿ ಎದೆ ಹೊಟ್ಟೆ ಮುಟ್ಟಿ ಎಣಿಸಿ ನೋಡಿದೆವು. ಅವರೆಲ್ಲರ ಎಣಿಕೆ ಸರಿಯಾಗಿತ್ತು. ಫೋನಿನ ಕ್ರಮ ಬಿಟ್ಟೆವು. ನಾನು ಏನು ಸುಳ್ಳು ಹೇಳಿದೆ, ಯಾವಾಗ ಹೇಳಿದೆ ಎಂದು, ಸಂಶೋಧನೆಗಳ ಮೇಲೆ ಕಣ್ಣಿಡುವ ಆಸ್ಪತ್ರೆಯ ನೀತಿ ಸಮಿತಿಗೆ ಬರೆದುಕೊಟ್ಟೆ. ಡಾಕ್ಟರು "ನಾನ ಹೇಳಿದ್ದೆ ಅಂತ ಹಾಕ್ರಿ, ಮುಗೀತು" ಎಂದರು, ನಾನು ಒಪ್ಪಲಿಲ್ಲ. ಸಮಿತಿ ಎಚ್ಚರಿಕೆ ಕೊಟ್ಟು ಬಿಟ್ಟಿತು. ಸುಳ್ಳು ಹೇಳಿದ್ದರೂ ಹೇಳದಿದ್ದರೂ ತುರ್ತು ಚಿಕಿತ್ಸೆ ಸಿಕ್ಕ ಮೇಲೆ ಕಾಕಾ ಹೊರಬೀಳುತ್ತಿದ್ದರು, ಆದ್ದರಿಂದ ನಷ್ಟವೇನೂ ಆಗಿಲ್ಲ ಎಂದು ಅದರಲ್ಲಿ ಒಬ್ಬರು ನನಗೆ ಸಮಾಧಾನ ಹೇಳಿದರು. ನಾನೂ ಹಾಗೆಯೇ ಹೇಳಿಕೊಳ್ಳುತ್ತಿದ್ದೆ.

ಕಾಕಾ ಬದುಕಿದರು. ಬೇಸಿಗೆಯ ಹೊತ್ತಿಗೆ ಗೋಡೆ ಹಿಡಿಯದೆ ನಡೆಯತೊಡಗಿದರು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನತೊಡಗಿದರು. ದನಿ ಮಾತ್ರ ಹಿಂದಿನದಾಗಲಿಲ್ಲ. ಕೊಳವೆ ಹಾದುಹೋದ ಗಂಟಲಿನಿಂದ ಒಡಕು ದನಿ ಬರುತ್ತಿತ್ತು, ಹತ್ತು ಮಾತಿಗೆ ಸೋಲುತ್ತಿತ್ತು. ಅಷ್ಟರಲ್ಲಿ ಅಧ್ಯಯನದ ಮುಂದಿನ ಘಟ್ಟ ಶುರುವಾಗಿತ್ತು. ಅವರ ಜತೆಗೇ ಸೇರಿದ್ದ ಒಬ್ಬಾಕೆ ಈಗ ಎರಡೂ ಕೈ ಎತ್ತಿ ತಾನೇ ಹೆರಳು ಹಾಕಿಕೊಳ್ಳುತ್ತಾಳೆ. ಅದು ಕಾಕಾನ ಕಿವಿಗೂ ಬಿದ್ದಿತ್ತು.

ನಾನು ಮಾಳಮಡ್ಡಿಯ ಮನೆಗೆ ಹೋದದ್ದು ಸತ್ಯ ಹೇಳಲಿಕ್ಕೆ. ಸಮಿತಿಗೆ ಬರೆದದ್ದನ್ನು ಅವರಿಗೂ ಹೇಳಬೇಕಿತ್ತು. ಕಾಕಾ ಪಡಸಾಲೆಯಲ್ಲಿ ಕುಳಿತಿದ್ದರು, ಕಾಕೂ ಒಳಗೆ ಚಹಾಕ್ಕೆ ಇಟ್ಟಿದ್ದರು. ನಾನು ಸುತ್ತುಬಳಸದೆ ಹೇಳಿದೆ. ಡಾಕ್ಟರ್ ಅವತ್ತು ನಿಮ್ಮನ್ನು ತೆಗೆದುಹಾಕಿರಲಿಲ್ಲ, ಅದು ನಾನು ಕಟ್ಟಿದ ಮಾತು ಎಂದೆ.

ಅವರು ಹೆಗಲ ಮೇಲಿನ ಟವೆಲ್ ತೆಗೆದು ಮಡಚಿ ತೊಡೆಯ ಮೇಲೆ ಇಟ್ಟುಕೊಂಡರು. ಸಿಟ್ಟು ಮಾಡಿಕೊಂಡಿದ್ದರೆ ತಡೆದುಕೊಳ್ಳುವುದು ಸುಲಭವಿತ್ತು.

"ತಂಗಿ," ಎಂದರು ಆ ಒಡಕು ದನಿಯಲ್ಲಿ, "ನಮ್ಮ ಸವಾಲಿನ್ಯಾಗ ಕಡೀ ದರ ಬಂದ ಮ್ಯಾಲೆ ಏನ ಮಾಡ್ತಾರ ಗೊತ್ತೇನು ನಿನಗ?"

"ಇಲ್ರಿ."

"ರೈತನ ಕಡೆ ತಿರಗತೇವಿ. ಇಷ್ಟಕ್ಕ ಕೊಡಲ್ಯೋ ಅಂತ ಕೇಳತೇವಿ. ಅಂವಾ ಹೂಂ ಅಂದ್ರ ತೂಗೂದು. ಒಲ್ಲೆ ಅಂದ್ರ ಮಾಲು ಅಂವಂದು, ಕೊಳತ್ರೂ ಅಂವಂದು. ಇಷ್ಟು ವರ್ಷದಾಗ ಕೇಳಲಾರದ ಒಂದು ಚೀಲಾನೂ ತೂಗಿಲ್ಲ ನಾ."

"ಕೇಳಿದ್ನೆಲ್ರಿ ಕಾಕಾರ. ಎರಡ ಸಲ ಕೇಳ್ದೆ. ಹಂಗ ಬಿಟ್ಟಿದ್ರ ನೀವು ಇವತ್ತ ಇಲ್ಲಿ ಕುಂತಿರತಿದ್ದಿಲ್ಲ."

"ಖರೇ."

"ಮತ್ತ?"

"ಇನ್ನೊಂದ ಸಲ ಕೇಳಬೇಕಿತ್ತು. ಸುಳ್ಳ ಹೇಳಬಾರದಿತ್ತು."

ಒಳಗೆ ಕಾಕೂ ಚಹಾ ಸೋಸುವುದನ್ನು ನಿಲ್ಲಿಸಿದ್ದರು. ನಾನು ಈ ಕೆಲಸಕ್ಕೆ ಸೇರಿದಾಗಿನಿಂದ ಎಷ್ಟು ಜನರ ಒಪ್ಪಿಗೆ ಪಡೆದಿದ್ದೇನೋ, ಅಷ್ಟೂ ಸಲ ಕೇಳಿದ್ದಕ್ಕಿಂತ ಹೆಚ್ಚು ಹೆದರಿಕೆಯಿಂದ ಅವತ್ತು ಕೇಳಿದೆ.

"ಇನ್ನೊಂದ ಸಲ ಕೇಳಿದ್ರ ಬರ್ತಿದ್ರೇನ್ರಿ?"

ಕಾಕಾ ನನ್ನ ಮುಖ ನೋಡಿದರು.

"ಇಲ್ಲ" ಎಂದರು.